ಅಪ್ಪನ ಕೇಸಿನ ಕಾಗದ ಎಲ್ಲಿದೆ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದವು. ತಾಲ್ಲೂಕು ಕೋರ್ಟಿನಲ್ಲಿ ಎಂದೋ ನಡೆದ ಕೇಸಿನ ಕಾಗದ ಬೇಕು, ಹೇಗೆ ತೆಗೆಸುವುದು ಅಂತ. ಹಾಗಾಗಿ ಈ ಕಂತು ಪೂರ್ತಿ ಅದಕ್ಕೇ. ಹೆಸರು, ಊರು ಹಾಕಬೇಡಿ ಎಂದು ಕೆಲವರು ಕೇಳಿದ್ದಾರೆ. ಯಾರದ್ದೂ ಹಾಕಿಲ್ಲ.

ಪ್ರಶ್ನೆ: ಮೇಡಂ, ನನಗೆ 52 ವರ್ಷ. ಅಪ್ಪ ತೀರಿಕೊಂಡು ಮೂರು ವರ್ಷವಾಯಿತು. ಜಮೀನಿನಲ್ಲಿ ಪಾಲು ಕೇಳಿದರೆ ಅಣ್ಣಂದಿರು, ‘1990ರ ಸುಮಾರಿಗೆ ಕೋರ್ಟಲ್ಲೇ ಭಾಗ ಆಗಿದೆ, ನಿನಗೆ ಏನೂ ಬರಲ್ಲ’ ಅಂತಾರೆ. ಕಾಗದ ತೋರಿಸಿ ಅಂದರೆ ಸಿಗ್ತಿಲ್ಲ ಅಂತಾರೆ. ಕೇಸ್ ನಂಬರ್ ನನಗೆ ಗೊತ್ತಿಲ್ಲ. ವಕೀಲರು ಯಾರು ಅಂತಲೂ ಗೊತ್ತಿಲ್ಲ. ನಾನೇ ಕೋರ್ಟಿಗೆ ಹೋಗಿ ಕೇಳಬಹುದಾ?

ಉತ್ತರ: ಖಂಡಿತ ಕೇಳಬಹುದು ಅಕ್ಕ, ಕೇಳಲೇಬೇಕು. ಬೇರೆಯವರ ಬಾಯಿಂದ ಕೇಳಿದ ಡಿಕ್ರಿಯನ್ನು (ಕೋರ್ಟು ತೀರ್ಮಾನಿಸಿ ಕೊಟ್ಟ ಆದೇಶವನ್ನು) ನಂಬಿ ಪಾಲು ಬಿಟ್ಟುಕೊಟ್ಟ ಎಷ್ಟೋ ಹೆಣ್ಣುಮಕ್ಕಳನ್ನು ನಾನು ನೋಡಿದ್ದೇನೆ. ಕಾಗದ ಕೈಗೆ ಬಂದ ಮೇಲೆ ಓದಿದರೆ ಅದರಲ್ಲಿ ಬೇರೆಯೇ ಬರೆದಿರುತ್ತದೆ.

ಮೊದಲು ಅದು ನಿಜವಾಗಿ ಕೋರ್ಟಿನ ಕೇಸಾ ಅಂತ ಖಾತ್ರಿ ಮಾಡಿಕೊಳ್ಳಿ. ಹಳ್ಳಿಯಲ್ಲಿ ‘ಕೋರ್ಟಲ್ಲಿ ಆಯ್ತು’ ಅಂದರೆ ಮೂರು ಜಾಗದಲ್ಲಿ ಯಾವುದಾದರೂ ಇರಬಹುದು. ಒಂದು ಸಿವಿಲ್ ಕೋರ್ಟ್, ಹಳಬರು ಮುನ್ಸಿಫ್ ಕೋರ್ಟ್ ಅನ್ನುತ್ತಾರಲ್ಲ ಅದು. ಇನ್ನೊಂದು ಅಸಿಸ್ಟೆಂಟ್ ಕಮಿಷನರ್ ಕೋರ್ಟ್, ಅಲ್ಲಿ ನಡೆಯುವುದು ಖಾತೆ, ಪಹಣಿಯ ತಕರಾರು. ಮತ್ತೊಂದು ಭೂ ನ್ಯಾಯಮಂಡಳಿ. ಭೂ ಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ನಂತರ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿದ್ದು ಅಲ್ಲಿಗೇ. ಅದರ ಕಡತ ಸಿವಿಲ್ ಕೋರ್ಟಿನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ, ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೇಳಬೇಕು. ತಪ್ಪು ಬಾಗಿಲು ತಟ್ಟಿ ಆರು ತಿಂಗಳು ಕಳೆದುಕೊಂಡವರು ಬೇಕಾದಷ್ಟು ಜನ ಇದ್ದಾರೆ.

ಭಾಗದ ದಾವೆಯಾದರೆ ಅದು ಸಿವಿಲ್ ಕೋರ್ಟಿನದೇ. ಅಲ್ಲಿ ಎಲ್ಲಕ್ಕೂ ಬೇಕಾದದ್ದು ನಂಬರ್. ಓ.ಎಸ್. (ಒರಿಜಿನಲ್ ಸೂಟ್, ಅಂದರೆ ಅಸಲು ದಾವೆ) ಅಂತ ಶುರುವಾಗಿ, ಒಂದು ಸಂಖ್ಯೆ, ಆಮೇಲೆ ವರ್ಷ. ನಂಬರ್ ಇಲ್ಲದೆ ಹೋದರೆ ರೆಕಾರ್ಡ್ ರೂಮಿನವರಿಗೂ ಕಷ್ಟವೇ. ಬಟ್ಟೆಯಲ್ಲಿ ಸುತ್ತಿ ಕಟ್ಟಿಟ್ಟ ಗಂಟುಗಳೆಲ್ಲ ವರ್ಷ, ನಂಬರಿನ ಪ್ರಕಾರ ಜೋಡಿಸಿರುತ್ತವೆ, ಹೆಸರಿನ ಪ್ರಕಾರ ಅಲ್ಲ.

ಆ ನಂಬರ್ ಎಲ್ಲೆಲ್ಲಿ ಅಡಗಿರುತ್ತದೆ ಅಂತ ಹೇಳುತ್ತೇನೆ. ಮೊದಲು ಜಮೀನಿನ ಪಹಣಿ ತೆಗೆಸಿ. ಅದರ 10ನೇ ಕಾಲಂನಲ್ಲಿ ಜಮೀನು ಹೇಗೆ ಬಂತು ಅನ್ನುವುದರ ಜೊತೆ ಎಂ.ಆರ್. ನಂಬರ್, ಅಂದರೆ ಖಾತೆ ಬದಲಾವಣೆಯ (ಮ್ಯುಟೇಷನ್) ನಂಬರ್ ಇರುತ್ತದೆ. ಆ ಮ್ಯುಟೇಷನ್ನಿನ ನಕಲು ತೆಗೆಸಿದರೆ, ಕೋರ್ಟ್ ಆದೇಶದ ಮೇಲೆ ಖಾತೆ ಬದಲಾಗಿದ್ದಲ್ಲಿ ಅದರಲ್ಲಿ ಕೇಸಿನ ನಂಬರ್ ಬರೆದಿರುತ್ತಾರೆ. ಕಂಪ್ಯೂಟರ್ ಬರುವ ಮುಂಚಿನ ಕೈಬರಹದ ಪಹಣಿಯನ್ನೂ ತೆಗೆಸಿ, 1985ರಿಂದ ಈಚೆಗೆ ವರ್ಷ ವರ್ಷದ್ದೂ. 11ನೇ ಕಾಲಂ ಕಡೆಗೂ ಕಣ್ಣು ಹಾಯಿಸಿ, ಕೋರ್ಟಿನ ತಡೆಯಾಜ್ಞೆ ಏನಾದರೂ ಇದ್ದರೆ ಅಲ್ಲಿ ಬರೆದಿರುವುದುಂಟು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಳೇ ಇ.ಸಿ. (ಋಣಭಾರ ಪತ್ರ) ತೆಗೆಸಿ, ಡಿಕ್ರಿ ನೋಂದಣಿ ಆಗಿದ್ದರೆ ಅದರಲ್ಲಿ ಸಿಗುತ್ತದೆ.

ಇನ್ನೊಂದು ದಾರಿ ಇದೆ, ಜಾಸ್ತಿ ಜನಕ್ಕೆ ಗೊತ್ತಿಲ್ಲ. ಕಂದಾಯ ಕಟ್ಟುವ ಜಮೀನನ್ನು ಕೋರ್ಟ್ ತಾನೇ ಅಳೆದು ಭಾಗ ಮಾಡುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 54ನೇ ಕಲಂ ಪ್ರಕಾರ ಡಿಕ್ರಿ ಜಿಲ್ಲಾಧಿಕಾರಿಗೆ ಹೋಗಬೇಕು, ಅಲ್ಲಿಂದ ತಹಶೀಲ್ದಾರರಿಗೆ, ಸರ್ವೆಯರ್‌ಗೆ. ಅಂದರೆ ನಿಮ್ಮ ಜಮೀನು ನಿಜವಾಗಿ ಅಳತೆಯಾಗಿ ಭಾಗವಾಗಿದ್ದರೆ ತಾಲ್ಲೂಕು ಕಚೇರಿಯಲ್ಲೂ ಸರ್ವೆ ಶಾಖೆಯಲ್ಲೂ ಅದರ ಗುರುತು ಇರಬೇಕು. ಅಲ್ಲಿ ಏನೂ ಇಲ್ಲ ಅಂದರೆ ಅದೂ ಒಂದು ಸುಳಿವೇ ಅಲ್ವಾ?

ಮನೆಯ ಟ್ರಂಕು, ದೇವರ ಕೋಣೆಯ ಕಾಗದದ ಕಟ್ಟು, ಹಳೇ ಸಮನ್ಸು, ಇವನ್ನಂತೂ ನೋಡೇ ನೋಡುತ್ತೀರಿ. ಚಿಕ್ಕಪ್ಪ, ದೊಡ್ಡಪ್ಪನ ಮನೆಯಲ್ಲೂ ಕೇಳಿ. ದಾವೆ ಅಂದ ಮೇಲೆ ಎದುರು ಪಾರ್ಟಿ ಇರಲೇಬೇಕು, ಅವರ ಹತ್ತಿರವೂ ಒಂದು ಪ್ರತಿ ಇದ್ದೇ ಇರುತ್ತದೆ. ಎಷ್ಟೋ ಸಲ ಮಾತು ಬಿಟ್ಟಿರುವ ಮನೆಯವರೇ ಕಾಗದ ಕೊಟ್ಟಿದ್ದಾರೆ.

ಇ-ಕೋರ್ಟ್ಸ್ ವೆಬ್‌ಸೈಟು, ಆ್ಯಪ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಅಲ್ಲಿ ಜಿಲ್ಲೆ, ಕೋರ್ಟ್ ಆರಿಸಿ, ಪಾರ್ಟಿ ಹೆಸರು, ವರ್ಷ ಹಾಕಿ ಹುಡುಕಬಹುದು, ದುಡ್ಡು ಕೊಡಬೇಕಿಲ್ಲ. ಪ್ರತಿ ಕೇಸಿಗೂ 16 ಅಕ್ಷರ, ಅಂಕಿಗಳ ಸಿ.ಎನ್.ಆರ್. ನಂಬರ್ ಇರುತ್ತದೆ, ನಮ್ಮ ರಾಜ್ಯದ್ದು ಕೆ.ಎ. ಅಂತ ಶುರುವಾಗುತ್ತದೆ. ಆದರೆ ಆ ಯೋಜನೆ ಶುರುವಾದದ್ದೇ 2007ರಲ್ಲಿ. 1990ರಲ್ಲಿ ಮುಗಿದ ಕೇಸು ಅಲ್ಲಿ ಸಿಗುವ ಸಾಧ್ಯತೆ ತುಂಬಾ ಕಡಿಮೆ. ‘ಆನ್‌ಲೈನಲ್ಲಿ ಇಲ್ಲ, ಅಂದರೆ ಕೇಸೇ ಇಲ್ಲ’ ಅಂತ ತೀರ್ಮಾನಕ್ಕೆ ಬರಬೇಡಿ. ಹುಡುಕುವಾಗ ಹೆಸರಿನ ಕಾಗುಣಿತ ಬದಲಾಯಿಸಿ ಬದಲಾಯಿಸಿ ನೋಡಿ. ತಿಮ್ಮಯ್ಯ ಅನ್ನುವ ಒಂದೇ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕು ಥರ ಬರೆದಿರುತ್ತಾರೆ.

ನಂಬರ್ ಸಿಕ್ಕ ಮೇಲೆ ಕೋರ್ಟಿನ ಕಾಪಿ ಸೆಕ್ಷನ್ನಿಗೆ ಹೋಗಿ. ಕೇಸಿನ ನಂಬರ್, ಪಾರ್ಟಿಗಳ ಹೆಸರು, ತೀರ್ಪಿನ ದಿನ, ಯಾವ ಯಾವ ಕಾಗದ ಬೇಕು ಅಂತ ಬರೆದು, ಕೋರ್ಟ್ ಫೀ ಹಚ್ಚಿ ಅರ್ಜಿ ಕೊಡಬೇಕು. ಅದನ್ನು ರಿಜಿಸ್ಟರಿನಲ್ಲಿ ಬರೆದು ನಂಬರ್ ಕೊಡುತ್ತಾರೆ. ಆಮೇಲೆ ಎಷ್ಟು ಪುಟ ಆಗುತ್ತದೋ ಅಷ್ಟಕ್ಕೆ ದುಡ್ಡು ಕಟ್ಟಿಸಿಕೊಳ್ಳುತ್ತಾರೆ. ಬರೀ ಡಿಕ್ರಿ ಕೇಳಬೇಡಿ. ಪ್ಲೇಂಟು (ದಾವೆ ಹಾಕಿದ ಅರ್ಜಿ), ಜಡ್ಜ್‌ಮೆಂಟು, ಪ್ರಿಲಿಮಿನರಿ ಡಿಕ್ರಿ (ಯಾರಿಗೆ ಎಷ್ಟು ಪಾಲು ಅನ್ನುವುದು), ಎಫ್.ಡಿ.ಪಿ. (ಫೈನಲ್ ಡಿಕ್ರಿಗಾಗಿ ನಡೆಯುವ ವಿಚಾರಣೆ) ನಡೆದಿದ್ದರೆ ಅದರ ಆದೇಶ, ಫೈನಲ್ ಡಿಕ್ರಿ (ಯಾವ ಜಾಗ ಯಾರಿಗೆ ಅನ್ನುವುದು), ಎಲ್ಲ ಕೇಳಿ. ಒಂದೇ ಸಲ ಕೇಳಿದರೆ ಇನ್ನೊಂದು ಓಡಾಟ ಉಳಿಯುತ್ತದೆ.

ಇಷ್ಟೆಲ್ಲ ಯಾಕೆ ಅಂದರೆ, ನಿಮ್ಮ ಪಾಲು ನಿಂತಿರುವುದು ಆ ಕಾಗದದ ಒಳಗಿನ ಎರಡು ಸಂಗತಿಗಳ ಮೇಲೆ. ಒಂದು, ದಾವೆಯಲ್ಲಿ ಪಾರ್ಟಿಗಳು ಯಾರು? ಅಪ್ಪನಿಗೂ ಅವರ ಅಣ್ಣತಮ್ಮಂದಿರಿಗೂ ನಡೆದ ಭಾಗವಾದರೆ ಅದರಲ್ಲಿ ಅಪ್ಪನ ಪಾಲು ಎಷ್ಟು ಅಂತ ಮಾತ್ರ ತೀರ್ಮಾನ ಆಗಿರುತ್ತದೆ. ಆ ಪಾಲಿನಲ್ಲಿ ನಿಮಗೆ ಎಷ್ಟು ಅನ್ನುವ ಪ್ರಶ್ನೆ ಹಾಗೇ ಉಳಿದಿರುತ್ತದೆ. ಎರಡು, ಫೈನಲ್ ಡಿಕ್ರಿ ಆಗಿದೆಯಾ? ಹಿಂದೂ ಉತ್ತರಾಧಿಕಾರ ಕಾನೂನಿನ 2005ರ ತಿದ್ದುಪಡಿಯಿಂದ ಮಗಳಿಗೂ ಮಗನಷ್ಟೇ ಹಕ್ಕು ಬಂತು. ಆದರೆ 2004ರ ಡಿಸೆಂಬರ್ 20ಕ್ಕಿಂತ ಮುಂಚೆ ನೋಂದಣಿ ಪತ್ರದ ಮೂಲಕವೋ ಕೋರ್ಟ್ ಡಿಕ್ರಿಯ ಮೂಲಕವೋ ಆಗಿಹೋದ ಭಾಗವನ್ನು ಆ ಕಾನೂನು ಮುಟ್ಟುವುದಿಲ್ಲ. ನಿಮ್ಮ ಅಣ್ಣಂದಿರು ಹಿಡಿದುಕೊಂಡಿರುವುದು ಇದನ್ನೇ ಇರಬೇಕು. ಆದರೆ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಬರೀ ಪ್ರಿಲಿಮಿನರಿ ಡಿಕ್ರಿ ಆದ ಮಾತ್ರಕ್ಕೆ ಮಗಳ ದಾರಿ ಮುಚ್ಚುವುದಿಲ್ಲ, ಫೈನಲ್ ಡಿಕ್ರಿಯ ಹಂತದಲ್ಲೂ ಅಪೀಲಿನಲ್ಲೂ ಅವಳ ಪಾಲು ಕೊಡಬೇಕು ಅಂತ. ಹಳ್ಳಿಗಳಲ್ಲಿ ಎಷ್ಟೋ ಕೇಸು ಪ್ರಿಲಿಮಿನರಿ ಡಿಕ್ರಿಗೇ ನಿಂತಿರುತ್ತವೆ. ಆಮೇಲೆ ಮನೆಯವರು ಬಾಯಿಮಾತಿನಲ್ಲಿ ಹಂಚಿಕೊಂಡು ಉಳುಮೆ ಮಾಡುತ್ತಿರುತ್ತಾರೆ. ಭಾಗದ ದಾವೆಯಲ್ಲಿ ಫೈನಲ್ ಡಿಕ್ರಿಗೆ ಅರ್ಜಿ ಹಾಕಲು ಕಾಲಮಿತಿ ಇಲ್ಲ ಅಂತ 2009ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಮೂವತ್ತು ವರ್ಷವಾಯಿತು, ಮುಗಿದ ಕಥೆ ಅಂತ ಯಾರಾದರೂ ಅಂದರೆ, ಡಿಕ್ರಿ ನೋಡಿಯೇ ಉತ್ತರ ಹೇಳಿ.

ನೀವೇ ಆ ಕೇಸಿನಲ್ಲಿ ಪಾರ್ಟಿ ಅಲ್ಲದಿದ್ದರೆ, ಅಪ್ಪನ ಮರಣ ಪತ್ರ ಮತ್ತು ವಂಶವೃಕ್ಷ ಜೊತೆಗಿಟ್ಟು, ಅವರ ವಾರಸುದಾರಳು ಅಂತ ಅಫಿಡವಿಟ್ ಹಾಕಿ. ಬರೆದುಕೊಡುವವರು ಯಾರೂ ಇಲ್ಲವಾದರೆ ಅದೇ ಕೋರ್ಟಿನ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ.

ಪ್ರಶ್ನೆ: ತಾಲ್ಲೂಕು ಕೇಂದ್ರದಲ್ಲಿ ಒಂದು ಸೈಟು ನೋಡಿದ್ದೇನೆ. ಅದರ ಮೇಲೆ ಕೇಸಿದೆ ಅಂತ ಪಕ್ಕದವರು ಹೇಳಿದರು. ಮಾರುವವರು ‘ಅದೆಲ್ಲ ಮುಗಿದಿದೆ’ ಅಂತಾರೆ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಕೋರ್ಟಿನ ಕಾಗದ ತೆಗೆಸಬಹುದಾ?

ಉತ್ತರ: ಮಾಹಿತಿ ಹಕ್ಕಿನ ಅರ್ಜಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಕೇಸಿನ ಕಡತದ ನಕಲು ಬೇಕಾದರೆ ಆ ಕೋರ್ಟಿನ ನಿಯಮದ ಪ್ರಕಾರವೇ ಕೇಳಬೇಕು, ಮಾಹಿತಿ ಹಕ್ಕಿನಲ್ಲಿ ಅಲ್ಲ ಅಂತ ಗುಜರಾತ್ ಹೈಕೋರ್ಟಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಮಾರ್ಚಿನಲ್ಲಿ ತೀರ್ಪು ಕೊಟ್ಟಿದೆ. ಸುಮ್ನೆ ಒಂದು ತಿಂಗಳು ಕಾಯ್ದು ಇಲ್ಲ ಅನ್ನಿಸಿಕೊಳ್ಳುವುದು ಯಾಕೆ?

ನೀವು ಮೂರನೆಯವರು. ಹಾಗಾಗಿ ಯಾಕೆ ಬೇಕು ಅಂತ ಅಫಿಡವಿಟ್ ಹಾಕಿ ನ್ಯಾಯಾಧೀಶರ ಅನುಮತಿ ಕೇಳಬೇಕು. ‘ಈ ಸ್ವತ್ತು ಕೊಳ್ಳುತ್ತಿದ್ದೇನೆ, ಹಕ್ಕಿನ ಬಗ್ಗೆ ಖಚಿತಪಡಿಸಿಕೊಳ್ಳಬೇಕು’ ಅನ್ನುವುದು ನ್ಯಾಯವಾದ ಕಾರಣವೇ. ಅದಕ್ಕಿಂತ ಮೊದಲು ಮನೆಯಲ್ಲೇ ಕೂತು ಇ-ಕೋರ್ಟ್ಸ್‌ನಲ್ಲಿ ಮಾರುವವರ ಹೆಸರು, ಅವರ ಅಪ್ಪನ ಹೆಸರು, ಅಣ್ಣತಮ್ಮಂದಿರ ಹೆಸರು ಹಾಕಿ ಹುಡುಕಿ. ಈಗಿನ ಕೇಸಾದರೆ ಮುಂದಿನ ದಿನಾಂಕ, ಹಿಂದಿನ ಆದೇಶ, ಕೆಲವು ಸಲ ತೀರ್ಪು ಕೂಡ ಅಲ್ಲೇ ಸಿಗುತ್ತದೆ. ಆದರೆ ಅಲ್ಲಿಂದ ಪ್ರಿಂಟ್ ತೆಗೆದದ್ದು ನಿಮ್ಮ ತಿಳಿವಳಿಕೆಗೆ ಮಾತ್ರ. ಬ್ಯಾಂಕಿಗೆ, ಇನ್ನೊಂದು ಕೋರ್ಟಿಗೆ ಕೊಡಬೇಕಾದರೆ ಸೀಲು ಸಹಿ ಇರುವ ದೃಢೀಕೃತ ನಕಲೇ ಬೇಕು.

ಇನ್ನೊಂದು ಮಾತು. ‘ಮುಗಿದಿದೆ’ ಅಂದರೆ ಸಾಲದು, ಅಪೀಲು ಹೋಗಿದೆಯಾ ನೋಡಬೇಕು. ತಾಲ್ಲೂಕು ಕೋರ್ಟಿನ ತೀರ್ಪಿನ ಮೇಲೆ ಜಿಲ್ಲೆಯೊಳಗಿನ ಮೇಲಿನ ಕೋರ್ಟಿಗೆ ಅಪೀಲು ಹಾಕಲು 30 ದಿನ, ಹೈಕೋರ್ಟಿಗಾದರೆ 90 ದಿನ. ನಕಲು ಪಡೆಯಲು ಹಿಡಿದ ದಿನಗಳನ್ನು ಅದರಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ, ತಡವನ್ನು ಕೋರ್ಟ್ ಮನ್ನಿಸುವುದೂ ಉಂಟು. ಕೇಸು ನಡೆಯುತ್ತಿರುವಾಗ ಕೊಂಡರೆ, ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಂ ಪ್ರಕಾರ, ಮುಂದೆ ಬರುವ ತೀರ್ಪು ನಿಮ್ಮನ್ನೂ ಕಟ್ಟಿಹಾಕುತ್ತದೆ. ಇ.ಸಿ. ಖಾಲಿ ಇದೆ ಅಂತ ಧೈರ್ಯ ಮಾಡಬೇಡಿ, ದಾವೆ ಇರುವುದು ಅದರಲ್ಲಿ ಬಾರದೇ ಇರಬಹುದು.

ಪ್ರಶ್ನೆ: ನಕಲಿಗೆ ಅರ್ಜಿ ಕೊಡಲು ಹೋದಾಗಲೆಲ್ಲ ‘ಫೈಲ್ ಸಿಗ್ತಿಲ್ಲ, ಮುಂದಿನ ವಾರ ಬಾ’ ಅಂತಾರೆ. ಮೂರು ತಿಂಗಳಾಯಿತು. ದಿನಗೂಲಿ ಬಿಟ್ಟು ಬರುತ್ತೇನೆ. ಯಾರೋ ಒಬ್ಬರು ದುಡ್ಡು ಕೊಟ್ಟರೆ ಹುಡುಕಿಕೊಡ್ತೀನಿ ಅಂದರು.

ಉತ್ತರ: ನಿಮ್ಮ ಪತ್ರ ಓದಿ ತುಂಬಾ ಬೇಜಾರಾಯಿತು. ಆ ದುಡ್ಡು ಕೊಡಬೇಡಿ. ನಕಲು ಪಡೆಯುವುದು ನಿಮ್ಮ ಹಕ್ಕು, ಯಾರ ಉಪಕಾರವೂ ಅಲ್ಲ. ಪಾರ್ಟಿಗೆ ಜಡ್ಜ್‌ಮೆಂಟು, ಡಿಕ್ರಿಯ ನಕಲು ಕೊಡಬೇಕು ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೇ ಬರೆದಿದೆ.

ಒಂದು ಕೇಳುತ್ತೇನೆ. ಇಷ್ಟು ದಿನ ಬಾಯಲ್ಲಿ ಕೇಳಿದ್ದಾ, ಬರವಣಿಗೆಯಲ್ಲಿ ಕೊಟ್ಟಿದ್ದಾ? ಪತ್ರ ನೋಡಿದರೆ ಬಾಯಲ್ಲೇ ಅನ್ನಿಸುತ್ತದೆ. ಬಾಯಲ್ಲಿ ಕೇಳಿದ್ದಕ್ಕೆ ಲೆಕ್ಕವಿಲ್ಲ. ಅರ್ಜಿ ಕೊಟ್ಟು, ಅದರ ನಂಬರ್, ದಿನಾಂಕ ಬರೆಸಿಕೊಳ್ಳಿ. ಆಮೇಲೆ ಫೈಲ್ ಇಲ್ಲ ಅಂದರೆ ‘ಹಾಗೇ ಹಿಂಬರಹ ಬರೆದುಕೊಡಿ’ ಅನ್ನಿ. ಬರೆದುಕೊಡಬೇಕು ಅಂದ ತಕ್ಷಣ ಹುಡುಕಾಟ ಚುರುಕಾಗುವುದನ್ನು ನಾನು ಬಹಳ ಸಲ ನೋಡಿದ್ದೇನೆ. ಆಗಲೂ ಆಗದಿದ್ದರೆ ಶಿರಸ್ತೇದಾರರನ್ನು ಕೇಳಿ, ಆಮೇಲೆ ಅದೇ ಕೋರ್ಟಿನ ನ್ಯಾಯಾಧೀಶರಿಗೆ, ಕೊನೆಗೆ ಪ್ರಧಾನ ಜಿಲ್ಲಾ ನ್ಯಾಯಾಧೀಶರಿಗೆ ಒಂದು ಪುಟದ ಮನವಿ ಕೊಡಿ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದರೆ ಒಂದು ದಿನದ ಕೂಲಿ ಉಳಿಯುತ್ತದೆ.

ಫೈಲ್ ನಿಜವಾಗಿಯೂ ಅಲ್ಲಿ ಇಲ್ಲದಿರಬಹುದು, ಅದನ್ನೂ ಹೇಳಬೇಕು. ಅಪೀಲಾದಾಗ ಕೆಳಗಿನ ಕೋರ್ಟಿನ ಕಡತ ಮೇಲಿನ ಕೋರ್ಟಿಗೆ ಹೋಗುತ್ತದೆ, ಎಷ್ಟೋ ಸಲ ವಾಪಸ್ ಬಂದಿರುವುದಿಲ್ಲ. ಜಿಲ್ಲೆ ಒಡೆದಿದ್ದರೂ ಹೀಗೇ. 1997ರಲ್ಲಿ ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ದಾವಣಗೆರೆ, ಉಡುಪಿ, ಚಾಮರಾಜನಗರ ಹೊಸ ಜಿಲ್ಲೆಗಳಾದವು. ಅದಕ್ಕಿಂತ ಹಿಂದಿನ ಅಪೀಲಾದರೆ ಹಳೇ ಜಿಲ್ಲಾ ಕೇಂದ್ರದಲ್ಲೂ ಕೇಳಿ ನೋಡಿ. ಅವಧಿ ಮುಗಿದ ಕಾಗದಗಳನ್ನು ನಾಶ ಮಾಡಲು ಕೋರ್ಟಿಗೆ ಅಧಿಕಾರವಿದೆ. ಹಾಗೆ ನಾಶವಾಗಿದ್ದರೆ ಅದರ ದಾಖಲೆ ಇರಬೇಕು, ಅದನ್ನೇ ತೋರಿಸಿ ಅಂತ ಕೇಳಿ. ದಾವೆಯ ರಿಜಿಸ್ಟರಿನಲ್ಲಿ ಇಂಥ ಕೇಸು, ಇಂಥ ದಿನ ಹೀಗೆ ತೀರ್ಮಾನವಾಯಿತು ಅನ್ನುವ ಸಾಲು ಇರುತ್ತದೆ. ಬೇರೇನೂ ಸಿಗದಿದ್ದಾಗ ಆ ಸಾಲಿನ ದೃಢೀಕೃತ ನಕಲೂ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ನನ್ನ ತಂಗಿ ಮಗಳು ಅಮೆರಿಕದ ಅಯೋವಾ ರಾಜ್ಯದ ಒಂದು ಸಣ್ಣ ಕೌಂಟಿಯಲ್ಲಿದ್ದಳು. ಅಲ್ಲೇ ವಿಚ್ಛೇದನ ಆಯಿತು. ಈಗ ಬೆಂಗಳೂರಿಗೆ ಬಂದಿದ್ದಾಳೆ, ಮರುಮದುವೆಗೆ ಡಿಕ್ರಿ ಬೇಕು. ಇಲ್ಲಿಂದಲೇ ತರಿಸಬಹುದಾ?

ಉತ್ತರ: ತರಿಸಬಹುದು. ಅಲ್ಲಿ ವಿಚ್ಛೇದನ ರಾಜ್ಯದ ಕೋರ್ಟಿನ ವಿಷಯ, ಕೇಂದ್ರದ್ದಲ್ಲ. ಪೇಸರ್ ಅನ್ನುವ ವೆಬ್‌ಸೈಟಿನಲ್ಲಿ ಪುಟಕ್ಕೆ 10 ಸೆಂಟ್ ಕೊಟ್ಟು ಹುಡುಕಿ ಅಂತ ಯಾರಾದರೂ ಹೇಳಿದರೆ ಬಿಟ್ಟುಬಿಡಿ, ಅದು ಫೆಡರಲ್ ಕೋರ್ಟುಗಳಿಗೆ. ಅಯೋವಾದಲ್ಲಿ 99 ಕೌಂಟಿಗಳಿವೆ, ಪ್ರತಿಯೊಂದರಲ್ಲೂ ಕ್ಲರ್ಕ್ ಆಫ್ ಕೋರ್ಟ್ ಅನ್ನುವ ಕಚೇರಿ ಇದೆ. ದಾಖಲೆ ಇರುವುದು ಅವರ ಕೈಯಲ್ಲಿ. ಅಯೋವಾ ಕೋರ್ಟ್ಸ್ ಆನ್‌ಲೈನ್‌ನಲ್ಲಿ ಹೆಸರು ಹಾಕಿ ಹುಡುಕಿದರೆ ಕೇಸಿನ ನಂಬರ್, ಯಾವ ದಿನ ಏನಾಯಿತು ಅನ್ನುವುದು ಉಚಿತವಾಗಿ ಕಾಣುತ್ತದೆ. ಕಾಗದ ಮಾತ್ರ ಹಾಗೆ ಕಾಣುವುದಿಲ್ಲ, ಅದಕ್ಕೆ ಕೋರ್ಟಿನಲ್ಲಿ ಜನರಿಗಾಗಿ ಇಟ್ಟ ಕಂಪ್ಯೂಟರಿನ ಮುಂದೆ ಕೂರಬೇಕು, ಇಲ್ಲವೇ ಕ್ಲರ್ಕ್‌ಗೆ ಬರೆದು ತರಿಸಬೇಕು.

ಅಲ್ಲಿಯ ಪದ್ಧತಿಯಲ್ಲಿ ನನಗೆ ಹಿಡಿಸಿದ್ದು ಇದು. ಕೋರ್ಟಿನ ದಾಖಲೆಯನ್ನು ನೋಡುವ, ನಕಲು ಪಡೆಯುವ ಹಕ್ಕು ಸಾರ್ವಜನಿಕರಿಗೆ ಇದೆ ಅಂತ ಅವರ ಸುಪ್ರೀಂ ಕೋರ್ಟ್ 1978ರಲ್ಲೇ ಹೇಳಿದೆ. ಮಕ್ಕಳ ವಿಷಯ, ಕೋರ್ಟ್ ಮುಚ್ಚಿಟ್ಟ ಕಡತ ಬಿಟ್ಟರೆ, ಯಾಕೆ ಬೇಕು ಅಂತ ಸಾಮಾನ್ಯವಾಗಿ ಕೇಳುವುದಿಲ್ಲ. ನಮ್ಮಲ್ಲೂ ಹೀಗೇ ಇರಬೇಕಿತ್ತು ಅನ್ನುವುದು ನನ್ನ ಆಸೆ.

ಅವಳು ಕ್ಲರ್ಕ್‌ಗೆ ಫೋನ್ ಮಾಡಿ ಶುಲ್ಕ ಎಷ್ಟು, ಹೇಗೆ ಕಟ್ಟಬೇಕು ಕೇಳಲಿ. ಆಮೇಲೆ ಇಬ್ಬರ ಪೂರ್ತಿ ಹೆಸರು, ನಂಬರ್, ವರ್ಷ ಬರೆದು ಸರ್ಟಿಫೈಡ್ ಕಾಪಿ ಬೇಕು ಅಂತ ಪತ್ರ ಕಳಿಸಲಿ. ಅದು ಬಂದ ಮೇಲೆ ಅದೇ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಿಂದ ಅಪಾಸ್ಟಿಲ್ ಮುದ್ರೆ (ಬೇರೆ ದೇಶದಲ್ಲೂ ಕಾಗದ ನಡೆಯಲಿ ಅಂತ ಹಾಕುವ ದೃಢೀಕರಣ) ಹಾಕಿಸಬೇಕು. ಭಾರತವೂ 2005ರಿಂದ ಆ ಮುದ್ರೆಯ ಅಂತರರಾಷ್ಟ್ರೀಯ ಒಪ್ಪಂದದಲ್ಲಿದೆ, ಹಾಗಾಗಿ ಆ ಮುದ್ರೆ ಇಲ್ಲಿ ನಡೆಯುತ್ತದೆ.

ಆದರೆ ದಯವಿಟ್ಟು ಬರೀ ಡಿಕ್ರಿ ತರಿಸಿ ಸುಮ್ಮನಾಗಬೇಡಿ. ಹಿಂದೂ ವಿವಾಹ ಕಾಯ್ದೆಯಲ್ಲಿ ಇಲ್ಲದ ಕಾರಣಕ್ಕೆ, ಅದೂ ಎದುರು ಪಾರ್ಟಿ ಒಪ್ಪಿ ಹಾಜರಾಗದೆ ಆದ ವಿದೇಶಿ ವಿಚ್ಛೇದನವನ್ನು ಇಲ್ಲಿ ಮಾನ್ಯ ಮಾಡುವುದಿಲ್ಲ ಅಂತ ನಮ್ಮ ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿದೆ. ಆದ್ದರಿಂದ ಅರ್ಜಿ, ಗಂಡನಿಗೆ ನೋಟಿಸ್ ಮುಟ್ಟಿದ ದಾಖಲೆ, ಇಬ್ಬರೂ ಸಹಿ ಮಾಡಿದ ಒಪ್ಪಂದ ಇದ್ದರೆ ಅದು, ಇವಿಷ್ಟೂ ಜೊತೆಗೇ ತರಿಸಿ. ಮದುವೆಗೆ ದಿನ ಗೊತ್ತು ಮಾಡುವ ಮುಂಚೆ ಇವನ್ನು ಇಲ್ಲಿಯ ಒಬ್ಬ ಕೌಟುಂಬಿಕ ವಕೀಲರಿಗೆ ತೋರಿಸಿ.

ಪ್ರಶ್ನೆ: ತಾತ ಕೇಸಿನಲ್ಲಿ ಮೂಲ ಕ್ರಯಪತ್ರವನ್ನೇ ಕೋರ್ಟಿಗೆ ಕೊಟ್ಟಿದ್ದರು. ವಾಪಸ್ ಸಿಗುತ್ತದಾ?

ಉತ್ತರ: ಸಿಗುತ್ತದೆ, ಅದು ಕಡತದಲ್ಲಿ ಇನ್ನೂ ಇದ್ದರೆ. ಕೇಸು ಮುಗಿದು, ಅಪೀಲಿನ ಅವಧಿಯೂ ಕಳೆದ ಮೇಲೆ ಮೂಲ ಪತ್ರ ವಾಪಸ್ ಕೊಡಿ ಅಂತ ಅರ್ಜಿ ಹಾಕಬಹುದು. ಕೊಡುವಾಗ ರಸೀದಿ ಬರೆಸಿಕೊಳ್ಳುತ್ತಾರೆ. ಡಿಕ್ರಿಯಿಂದಾಗಿ ಆ ಪತ್ರವೇ ರದ್ದಾಗಿದ್ದರೆ ಮಾತ್ರ ಕೊಡುವುದಿಲ್ಲ. ಜಡ್ಜ್‌ಮೆಂಟಿನ ಕೊನೆಯಲ್ಲಿ ಎರಡೂ ಕಡೆಯವರು ಹಾಜರುಪಡಿಸಿದ ದಾಖಲೆಗಳ ಪಟ್ಟಿ ಇರುತ್ತದೆ. ಕ್ರಯಪತ್ರಕ್ಕೆ ಯಾವ ನಿಶಾನೆ ನಂಬರ್ ಕೊಟ್ಟಿದ್ದಾರೆ ಅಂತ ಅಲ್ಲಿ ನೋಡಿ, ಅದನ್ನೇ ಅರ್ಜಿಯಲ್ಲಿ ಬರೆಯಿರಿ. ಸಿಗದಿದ್ದರೂ ಗಾಬರಿ ಬೇಡ, ನೋಂದಣಿ ಆದ ಕ್ರಯಪತ್ರವಾದರೆ ಸಬ್ ರಿಜಿಸ್ಟ್ರಾರ್ ಕಚೇರಿಯ ಪುಸ್ತಕದಲ್ಲಿ ಅದರ ಪ್ರತಿ ಇರುತ್ತದೆ, ಅಲ್ಲಿಂದ ದೃಢೀಕೃತ ನಕಲು ತೆಗೆಸಿ.